ಬೀಗತಿಯ ಫೋನಿಗೆ ಅಪ್‌ಡೇಟ್ ಬರುವ ಮುನ್ನ

ದೀಪಾವಳಿ ಕಳೆದು ಚಳಿ ಮೆಲ್ಲಗೆ ಕಾಲಿಡುತ್ತಿದ್ದ ದಿನಗಳಲ್ಲಿ ದಾವಣಗೆರೆಯ ಜನಕ್ಕೆ ಮೆಕ್ಕೆಜೋಳದ ದರ ಬಿಟ್ಟರೆ ಮಾತಾಡಲು ಇದ್ದದ್ದು ಒಂದೇ ವಿಷಯ. ಫೋನಿಗೆ ಹೊಸ ಅಪ್‌ಡೇಟ್ ಬರುತ್ತದಂತೆ. ಯಾವತ್ತು ಬರುತ್ತದೆ, ಬಂದು ಏನು ಮಾಡುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಎಲ್ಲರೂ ಧಾರಾಳವಾಗಿ ಮಾತಾಡುತ್ತಿದ್ದರು.

ಮಂಡಿಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಮುರುಗೇಶಪ್ಪನ ಪ್ರಕಾರ, ಅಪ್‌ಡೇಟ್ ಬಂದ ಮೇಲೆ ಒಮ್ಮೆ ಚಾರ್ಜ್ ಮಾಡಿದರೆ ಫೋನು ವಾರವಿಡೀ ನಡೆಯುತ್ತದೆ. ಪಕ್ಕದ ಅಂಗಡಿಯ ಬಕ್ಕೇಶಪ್ಪ ಇದನ್ನು ಸುತರಾಂ ಒಪ್ಪುತ್ತಿರಲಿಲ್ಲ. ಹಳೇ ಫೋನುಗಳನ್ನು ಉಸಿರುಗಟ್ಟಿಸಿ ಹೊಸದನ್ನು ಕೊಳ್ಳುವಂತೆ ಮಾಡುವುದಕ್ಕೆ ಕಂಪನಿಯವರು ಹೂಡಿದ ಆಟ ಇದು ಎನ್ನುವುದು ಅವನ ವಾದ. ಇನ್ನಾರೋ, ಎದುರಿನವರು ಸುಳ್ಳು ಹೇಳಿದರೆ ಪರದೆ ಕೆಂಪಗಾಗುತ್ತದೆ ಎಂದರು. ಆ ಮಾತು ಸಂಜೆಯೊಳಗೆ ಅಶೋಕ ರಸ್ತೆ ದಾಟಿತು. ಕೇಳಿದ ವ್ಯಾಪಾರಿಗಳೆಲ್ಲ ನಕ್ಕರು, ನಕ್ಕರೂ ಅವತ್ತು ಫೋನಿನಲ್ಲಿ ದರ ಹೇಳುವಾಗ ಒಂದು ಸಲ ಗಂಟಲು ಸರಿಮಾಡಿಕೊಂಡರು.

ಮುರುಗೇಶಪ್ಪನ ಹೆಂಡತಿ ನಿರ್ಮಲಮ್ಮ ಇದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳು. ಗಂಡ ರಾತ್ರಿ ಊಟಕ್ಕೆ ಕೂತಾಗ ತಾನಾಗಿ ಈ ಮಾತು ತೆಗೆಯುವನು. ಅಪ್‌ಡೇಟ್ ಬಂದರೂ ಅಮಾವಾಸ್ಯೆ ಕಳೆಯುವ ತನಕ ಒತ್ತುವುದಿಲ್ಲ ಎನ್ನುವನು. ಆಕೆ ರೊಟ್ಟಿ ಬಡಿಸುತ್ತ ಹೂಂಗುಟ್ಟುವಳು. ಫೋನೆಂದರೆ ಆಕೆಗೆ ಮಗಳ ದನಿ, ಅಕ್ಕನ ದನಿ, ಆಗೊಮ್ಮೆ ಈಗೊಮ್ಮೆ ಯಾರದೋ ಮನೆಯ ಗೃಹಪ್ರವೇಶದ ಫೋಟೊ. ಅದಕ್ಕಿಂತ ಹೆಚ್ಚಿನದನ್ನು ಆಕೆ ಅದರಿಂದ ಬಯಸಿದವಳೂ ಅಲ್ಲ, ಹೆದರಿದವಳೂ ಅಲ್ಲ. ಪಕ್ಕದ ಮನೆಯ ನಸೀಮಾ ಒಂದು ಮಧ್ಯಾಹ್ನ ಬಾಯಿ ಬಿಡುವ ತನಕ ಹಾಗೇ ಇತ್ತು.

ನಸೀಮಾ ಬಡಾವಣೆಯ ಹೆಂಗಸರಿಗೆಲ್ಲ ರವಿಕೆ ಹೊಲಿಯುವವಳು. ಹೊಲಿಗೆ ಯಂತ್ರದ ಮೇಲೆ ಫೋನನ್ನು ಒರಗಿಸಿಟ್ಟು, ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ವಿಡಿಯೊ ಮೇಲೆ ಇಟ್ಟು ಕೆಲಸ ಮಾಡುವುದು ಅವಳ ಪದ್ಧತಿ. ನಿರ್ಮಲಮ್ಮ ಅಳತೆ ಕೊಡಲು ಕೈ ಅಗಲಿಸಿ ನಿಂತಿದ್ದಾಗ ಅವಳು ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಹೇಳಿದಳು.

"ಡಿಲೀಟ್ ಮಾಡಿದ್ದೆಲ್ಲ ವಾಪಸ್ ಬರ್ತಾವಂತೆ ಅಕ್ಕಾ. ಫೋಟೊ, ಮೆಸೇಜು, ಎಲ್ಲಾ. ಎದುರಿನೋರು ಕಳಿಸಿ ಅಳಿಸಿದ್ದು ಕೂಡ ನಮ್ಮ ಫೋನಿನಾಗೆ ಕಾಣ್ತೈತಂತೆ."

"ಯಾರು ಹೇಳಿದ್ರು?"

"ವಿಡಿಯೊದಾಗೆ ಬಂತು. ಕೆಂಪು ಬಾಣ ಹಾಕಿ ತೋರಿಸಿದ್ರು."

"ಅಳಿಸಿದ ಮೇಲೆ ಅಳಿಸಿದಂಗಲ್ಲವಾ?"

"ಎಲ್ಲೋ ಒಳಗೆ ಇಟ್ಕಂಡಿರ್ತೈತಂತೆ. ಯಾಕ ಅಕ್ಕಾ, ಕೈ ಯಾಕ ಇಳಿಸಿದ್ರಿ? ಅಳತೆ ತಪ್ತೈತೆ."

ನಿರ್ಮಲಮ್ಮ ಮತ್ತೆ ಕೈ ಎತ್ತಿದಳು. ಆದರೆ ಆ ರವಿಕೆ ಕೊನೆಗೂ ತೋಳಿನ ಹತ್ತಿರ ಬಿಗಿಯಾಯಿತು, ಅದಕ್ಕೆ ನಸೀಮಾಳನ್ನು ಬೈಯುವಂತಿರಲಿಲ್ಲ.

ಆಕೆಯ ಕೈ ಯಾಕೆ ಇಳಿಯಿತು ಎಂದು ತಿಳಿಯಬೇಕಾದರೆ ಕಳೆದ ನಾಗರ ಪಂಚಮಿಗೆ ಹೋಗಬೇಕು. ನಿರ್ಮಲಮ್ಮನ ಒಬ್ಬಳೇ ಮಗಳು ನಯನಾಳನ್ನು ಹರಿಹರದ ಮಗ್ಗುಲಿನ ಗುತ್ತೂರಿಗೆ ಕೊಟ್ಟಿತ್ತು. ಅಳಿಯ ಶಿವಕುಮಾರ ಅಲ್ಲೇ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ನಯನಾ ಹರಿಹರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಮನೆಯಲ್ಲಿ ಅತ್ತೆ ಭೀಮವ್ವ ಒಬ್ಬಳೇ, ಗದ್ದೆ ನೋಡಿಕೊಂಡು ಮಗಳನ್ನೂ ಮಗನನ್ನೂ ಬೆಳೆಸಿದ ಗಟ್ಟಿ ಹೆಂಗಸು. ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಮಗಳನ್ನು ತವರಿಗೆ ಕರೆಸಿದ್ದಾಯಿತು. ಬಂದವಳಿಗೆ ಜ್ವರ ಹಿಡಿದು, ಹೇಳಿದ್ದಕ್ಕಿಂತ ಹೆಚ್ಚು ದಿನ ಉಳಿದು, ಹುಣ್ಣಿಮೆ ಕಳೆದ ಮೇಲೆ ಹೋದಳು. ಹೋಗುವಾಗ ಬೀಗರ ಮನೆಗೆ ಬುತ್ತಿ ಕಟ್ಟಿ ಕಳಿಸುವುದು ಕ್ರಮ. ನಿರ್ಮಲಮ್ಮ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು ಒತ್ತಿ ತುಂಬಿ ಕಳಿಸಿದಳು. ಅದನ್ನು ಅವರು ಓಣಿಗೆಲ್ಲ ಹಂಚಬೇಕು, ಓಣಿಯವರು ತಿಂದು ಸೊಸೆಯ ತವರನ್ನು ಹೊಗಳಬೇಕು.

ಇಷ್ಟೂ ಸರಿಯಾಗಿಯೇ ನಡೆಯಿತು. ತಪ್ಪಿದ್ದು ಡಬ್ಬಿ ವಾಪಸ್ ಬಂದಾಗ. ಬುತ್ತಿ ಬಂದ ಡಬ್ಬಿಯನ್ನು ಈ ಕಡೆ ಯಾರೂ ಬರಿದಾಗಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಇರುತ್ತದೆ. ಶಿವಕುಮಾರ ಒಂದು ಬೆಳಗ್ಗೆ ಬೈಕಿನಲ್ಲಿ ಬಂದು ಡಬ್ಬಿ ಕೊಟ್ಟು, ಟೀ ಕೂಡ ಕುಡಿಯದೆ ಹೋದ. ನಿರ್ಮಲಮ್ಮ ಮುಚ್ಚಳ ತೆಗೆದು ನೋಡಿದರೆ ಒಳಗೆ ತನ್ನದೇ ಮುಖ ಹೊಳೆಯುತ್ತಿತ್ತು. ತೊಳೆದು, ಒರೆಸಿ, ಬರಿದು ಮಾಡಿ ಕಳಿಸಿದ್ದರು.

ಆಕೆಗೆ ನೆತ್ತಿಗೇರಿತು. ಆನಗೋಡಿನಲ್ಲಿರುವ ಅಕ್ಕನಿಗೆ ಹೇಳದೆ ಅನ್ನ ಇಳಿಯುವಂತಿರಲಿಲ್ಲ. ಫೋನ್ ತೆಗೆದಳು, ಅಕ್ಕನ ಹೆಸರು ಎಲ್ಲಕ್ಕಿಂತ ಮೇಲಿತ್ತು, ಅದನ್ನು ಒತ್ತಲು ಬೆರಳು ತಂದಳು. ಸರಿಯಾಗಿ ಅದೇ ಗಳಿಗೆಗೆ ಭೀಮವ್ವನಿಂದ "ಡಬ್ಬಿ ಮುಟ್ಟಿತಾ ಬೀಗತಿ" ಎಂದು ಮೆಸೇಜ್ ಬಂದು, ಭೀಮವ್ವನ ಹೆಸರು ಮೇಲಕ್ಕೆ ಹಾರಿ ಅಕ್ಕನ ಹೆಸರು ಕೆಳಗಿಳಿಯಿತು. ಕನ್ನಡಕ ಅಡುಗೆ ಮನೆಯಲ್ಲಿತ್ತು. ನಿರ್ಮಲಮ್ಮ ಮೈಕಿನ ಗುರುತು ಒತ್ತಿಹಿಡಿದು ಮನಸಾರೆ ಮಾತಾಡಿದಳು.

"ನೋಡು ಅಕ್ಕಾ, ಮೈ ಮುರಿದು ಉಂಡಿ ಕಟ್ಟಿ ಕಳಿಸಿದೆ. ಡಬ್ಬಿ ವಾಪಸ್ ಬಂದೈತೆ, ಒಳಗೆ ಒಂದು ಚಿಟಿಕೆ ಸಕ್ಕರೆ ಇಲ್ಲ. ಗದ್ದೆ ಇದ್ರೆ ಆತಾ, ರೀತಿ ರಿವಾಜು ಬ್ಯಾಡವಾ? ಎಂಥಾ ಬಿಗಿ ಕೈ ಅವರದು. ಇಂಥಾ ಮನೆಗೆ ಹೆಣ್ಣು ಕೊಟ್ಟು ತಪ್ಪು ಮಾಡಿದ್ನೇನೋ ಅನ್ನಿಸ್ತೈತೆ."

ಬೆರಳು ಎತ್ತಿದ ಮೇಲೆ ಯಾರಿಗೆ ಹೋಯಿತೆಂದು ಕಂಡಿತು. ಆಕೆ ಓಡಿ ನಸೀಮಾಳ ಮನೆ ಬಾಗಿಲು ಬಡಿದು, ಏನೆಂದು ಹೇಳದೆ, "ಇದನ್ನ ಅಳಿಸು, ಅವರ ಕಡೆನೂ ಅಳಿಸು" ಎಂದು ಫೋನ್ ಚಾಚಿದಳು. ನಸೀಮಾ ಅಳಿಸಿಕೊಟ್ಟಳು. ಮಾತು ಹೋದ ಜಾಗದಲ್ಲಿ, ಈ ಮೆಸೇಜ್ ಡಿಲೀಟ್ ಆಗಿದೆ ಎಂಬ ಒಂದು ಸಾಲು ಉಳಿಯಿತು. ಅಷ್ಟರೊಳಗೆ ಭೀಮವ್ವ ಅದನ್ನು ಕೇಳಿದಳೋ ಇಲ್ಲವೋ, ದೇವರಿಗೇ ಗೊತ್ತು. ನಿರ್ಮಲಮ್ಮನಿಗೆ ಕೇಳಲು ಬಾಯಿಲ್ಲ, ಭೀಮವ್ವ ತಾನಾಗಿ ಏನೂ ಹೇಳಲಿಲ್ಲ. ದಿನ ಕಳೆದಂತೆ ನಿರ್ಮಲಮ್ಮ, ಕೇಳಿರಲಾರಳು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ನೆಮ್ಮದಿಯಾದಳು.

ಈಗ ಆ ನೆಮ್ಮದಿಗೆ ಅಪ್‌ಡೇಟ್ ಬಂದು ಕಲ್ಲು ಹಾಕುವುದರಲ್ಲಿತ್ತು. ಬೇರೆ ಯಾರ ಬಗ್ಗೆ ಆಡಿದ ಮಾತಾದರೂ ಒಂದು ಜಗಳ ಮಾಡಿ ಮುಗಿಸಬಹುದಿತ್ತು. ಇದು ಮಗಳು ಬಾಳುವ ಮನೆ. ತಾಯಿಯ ಬಾಯಿಗೆ ದಂಡ ತೆರುವವಳು ಮಗಳು. ಅತ್ತೆ ಒಂದು ಸಲ ಮುಖ ತಿರುಗಿಸಿದರೆ ನಯನಾ ಅದನ್ನು ದಿನವೂ ಬೆಳಗ್ಗೆ ಎದ್ದು ನೋಡಬೇಕು. ನಿರ್ಮಲಮ್ಮನಿಗೆ ನಿಜವಾಗಿ ಹೆದರಿಕೆಯಾಯಿತು.

ಹೆದರಿದವರಿಗೆ ಎಲ್ಲದರಲ್ಲೂ ಗುರುತು ಕಾಣುತ್ತದೆ. ನಯನಾ ಫೋನಿನಲ್ಲಿ ಕೆಲವು ತಿಂಗಳಿಂದ ಒಂದೇ ರಾಗ ಎಳೆಯುತ್ತಿದ್ದಳು, "ಅತ್ತೆ ಯಾಕೋ ಬದಲಾಗ್ಯಾರೆ ಅವ್ವಾ. ನನ್ನ ಒಂದು ಕೆಲಸ ಮುಟ್ಟಾಕೆ ಬಿಡಲ್ಲ. ರೊಟ್ಟಿ ಬಡೀತೀನಿ ಅಂದ್ರೆ ಬ್ಯಾಡ, ಕಸ ಹೊಡೀತೀನಿ ಅಂದ್ರೆ ಬ್ಯಾಡ. ಟೀ ತಂದು ಕೈಗೆ ಕೊಡ್ತಾರೆ. ನಾನೇನು ನೆಂಟ್ರಾಕಿನಾ?" ಮೊದಲು ಇದನ್ನು ಕೇಳಿ ನಿರ್ಮಲಮ್ಮ ಹಿಗ್ಗಿದ್ದಳು. ಮಗಳಿಗೆ ಇಂಥ ಅತ್ತೆ ಸಿಕ್ಕಳಲ್ಲ ಎಂದು ಓಣಿಯಲ್ಲಿ ಹೇಳಿಕೊಂಡೂ ಬಂದಿದ್ದಳು. ಈಗ ಅದೇ ಮಾತು ಬೇರೆ ಥರ ಕೇಳಿಸಿತು. ಕೆಲಸ ಮುಟ್ಟಿಸದಿರುವುದು, ಕೈಗೆ ಟೀ ಕೊಡುವುದು, ಇವೆಲ್ಲ ಸೊಸೆಯನ್ನು ಮನೆಯವಳೆಂದು ಬಗೆಯದವರ ಲಕ್ಷಣ. ಹಾಗಾದರೆ ಬೀಗತಿ ಕೇಳಿಸಿಕೊಂಡಿದ್ದಾಳೆ, ಪೂರ್ತಿಯಲ್ಲದಿದ್ದರೆ ಅರ್ಧ. ಉಳಿದರ್ಧ ಅಪ್‌ಡೇಟಿನಲ್ಲಿ ಬರುತ್ತದೆ.

ಮರುದಿನ ಆಕೆ ಜಾಫರನ ಅಂಗಡಿಗೆ ಹೋದಳು. ಜಾಫರ್ ನಸೀಮಾಳ ತಮ್ಮ, ಹಳೇ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಮಾಡುವವನು. ಆ ದಿನಗಳಲ್ಲಿ ಅವನ ಅಂಗಡಿಯ ಮುಂದೆ ಸದಾ ಜನ. ಎಲ್ಲರಿಗೂ ಅವನು ಅರ್ಧ ಉತ್ತರ ಕೊಟ್ಟು ಅರ್ಧ ಉಳಿಸಿಕೊಳ್ಳುತ್ತಿದ್ದ, ಹಾಗೆ ಮಾಡಿದರೆ ಗಿರಾಕಿ ಮತ್ತೆ ಬರುತ್ತಾನೆ.

"ಅಪ್‌ಡೇಟ್ ಬರದಂಗೆ ಮಾಡಾಕೆ ಆಗ್ತೈತಾ ಜಾಫರ್?"

ಜಾಫರ್ ತಲೆ ಎತ್ತಿದ. "ಯಾವಾಗ ಬರ್ತೈತೆ ಅಂತ ಕೇಳೋರೇ ಎಲ್ಲಾ. ಬರಬ್ಯಾಡ ಅಂದೋರು ನೀವೊಬ್ಬರೇ ಅಮ್ಮಾ. ಆತು, ಫೋನ್ ಕೊಡ್ರಿ, ಸೆಟ್ಟಿಂಗಿನಾಗೆ ಆಫ್ ಮಾಡ್ತೀನಿ."

"ನನ್ನ ಫೋನಿಗಲ್ಲ. ಇನ್ನೊಬ್ಬರದಕ್ಕೆ."

"ಅವರನ್ನ ಕರ್ಕಂಡು ಬರ್ರಿ."

"ಅವರಿಗೆ ಗೊತ್ತಾಗಬಾರದು."

ಜಾಫರ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಅಮ್ಮಾ, ಯಾರಾದ್ರೂ ಪೊಲೀಸ್ ಅಂತ ಹೇಳಿ ವಿಡಿಯೊ ಕಾಲ್ ಮಾಡಿದ್ರಾ? ಓಟಿಪಿ ಕೇಳಿದ್ರಾ? ಹೆದರಬ್ಯಾಡ್ರಿ, ಮುರುಗೇಶಪ್ಪಾರಿಗೆ ಫೋನ್ ಮಾಡ್ತೀನಿ."

ಗಂಡನ ಹೆಸರು ಕೇಳಿದ್ದೇ ತಡ ನಿರ್ಮಲಮ್ಮ, "ಏನೂ ಇಲ್ಲಪ್ಪ, ಸುಮ್ಮನೆ ಕೇಳಿದೆ" ಎಂದು ಮಾತು ಸುತ್ತಿ, ಹೊರಡುವ ಮುನ್ನ ಅಸಲು ಪ್ರಶ್ನೆ ಹಾಕಿದಳು. "ಅಳಿಸಿದ್ದು ವಾಪಸ್ ಬರ್ತೈತಂತಲ್ಲ, ದಿಟವಾ?"

"ಬರ್ತೈತೆ ಅನ್ನಾಕೂ ಆಗಲ್ಲ, ಬರಲ್ಲ ಅನ್ನಾಕೂ ಆಗಲ್ಲ," ಎಂದ ಜಾಫರ್, ತನ್ನ ಅಭ್ಯಾಸದ ಪ್ರಕಾರ. ಅವನಿಗೆ ಅದು ವ್ಯಾಪಾರ. ನಿರ್ಮಲಮ್ಮನಿಗೆ ಅವತ್ತು ಮಧ್ಯಾಹ್ನದ ಊಟ ಸೇರಲಿಲ್ಲ.

ಆ ವಾರದ ಕೊನೆಗೆ ಅದು ಬಂತು. ಎಲ್ಲರಿಗೂ ಒಟ್ಟಿಗಲ್ಲ, ಒಬ್ಬರಿಗೆ ಬಂದು ಒಬ್ಬರಿಗೆ ಬರದೆ, ಮಂಡಿಪೇಟೆಯಲ್ಲಿ ಸಣ್ಣಪುಟ್ಟ ಅಸೂಯೆಗಳನ್ನು ಹುಟ್ಟಿಸುತ್ತ ಬಂತು. ಬೇಡ ಎನ್ನುತ್ತಿದ್ದ ಬಕ್ಕೇಶಪ್ಪನಿಗೆ ಮೊದಲು ಬಂತು, ವಾರದ ಚಾರ್ಜಿನ ಕನಸು ಕಂಡಿದ್ದ ಮುರುಗೇಶಪ್ಪನಿಗೆ ಬರಲಿಲ್ಲ. ಅವನು ಸಪ್ಪಗಾಗಿ ಅಂಗಡಿಯಲ್ಲಿ ಕೂತಿದ್ದ ಹೊತ್ತಿಗೆ, ಮನೆಯಲ್ಲಿ ನಿರ್ಮಲಮ್ಮನಿಗೆ ಶಾಲೆಯ ಊಟದ ಬಿಡುವಿನಲ್ಲಿ ನಯನಾ ಫೋನ್ ಮಾಡಿದಳು. ಅದೂ ಇದೂ ಮಾತಾಡಿ, ಕೊನೆಗೆ ನಕ್ಕಳು.

"ನಮ್ಮತ್ತೆಗೆ ಅಪ್‌ಡೇಟ್ ಹುಚ್ಚು ಹಿಡಿದೈತೆ ಅವ್ವಾ. ದಿನಾ ಬೆಳಗ್ಗೆ ಎದ್ದು, ಬಂತಾ ನೋಡು ಅಂತಾರೆ. ಇವತ್ತು ಬಂದೈತೆ. ಸಂಜೆ ಬಂದು ಹಾಕಿ ಕೊಡ್ತೀನಿ ಅಂದೀನಿ. ಅವರಿಗೆ ಯಾಕ ಬೇಕೋ, ಕೇಳಿದ್ರೆ ಹೇಳಲ್ಲ."

ಯಾಕೆ ಬೇಕೆಂದು ನಿರ್ಮಲಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅಳಿಸಿಹೋದ ಮಾತನ್ನು ಕೇಳಲು ಬೀಗತಿ ಕಾದು ಕೂತಿದ್ದಾಳೆ. ಸಂಜೆಯೊಳಗೆ ಗುತ್ತೂರು ಮುಟ್ಟಬೇಕು, ಹೇಗಾದರೂ ಆ ಫೋನ್ ಕೈಗೆ ತೆಗೆದುಕೊಳ್ಳಬೇಕು, ಇಬ್ಬರ ಮಾತುಕತೆಯನ್ನೆಲ್ಲ ಬುಡಸಮೇತ ಅಳಿಸಬೇಕು. ಹೇಗೆ ಅಳಿಸುವುದೆಂದು ಈಗ ಆಕೆಗೆ ಬರುತ್ತಿತ್ತು, ಈ ನಡುವೆ ಕಲಿತದ್ದು ಅದೊಂದೇ.

ಆದರೆ ಮಗಳನ್ನು ಕೊಟ್ಟ ಮನೆಗೆ ಕಾರಣವಿಲ್ಲದೆ ಹೋಗಲಾಗುವುದಿಲ್ಲ. ಹೋದರೆ ಓಣಿಯವರೆಲ್ಲ "ಏನು ವಿಶೇಷ" ಎಂದು ಕೇಳುತ್ತಾರೆ. ನಯನಾಳ ಹೊಸ ರವಿಕೆ ಇನ್ನೂ ನಸೀಮಾಳ ಹತ್ತಿರವೇ ಇತ್ತು. ನಿರ್ಮಲಮ್ಮ ಅದಕ್ಕೆ ಕೊಕ್ಕೆ ಹಾಕುವುದನ್ನೂ ಕಾಯದೆ ಕಿತ್ತುಕೊಂಡು, ದಾರಿಯಲ್ಲಿ ಒಂದು ಪೊಟ್ಟಣ ಖಾರ ಮಂಡಕ್ಕಿ ಕಟ್ಟಿಸಿಕೊಂಡು, ಹರಿಹರದ ಬಸ್ ಹತ್ತಿದಳು.

ಬಸ್ಸು ದೊಡ್ಡಬಾತಿ ದಾಟುವ ತನಕ ಆಕೆ ಸುಳ್ಳುಗಳನ್ನು ಒಂದೊಂದಾಗಿ ಹೊಲಿದು ನೋಡಿದಳು. ಅದು ಬರೀ ಶುಭೋದಯದ ಮೆಸೇಜು ಎನ್ನಬಹುದು. ಸರಿ, ಶುಭೋದಯವನ್ನು ಯಾರು ಅಳಿಸುತ್ತಾರೆ. ಬೆಲ್ಲದ ಅಂಗಡಿಯ ಆಳಿಗೆ ಹೇಳಿದ್ದು ಎನ್ನಬಹುದು. ಅದರಲ್ಲಿ ಅಕ್ಕಾ ಎಂದು ಕರೆದಿದ್ದೇನಲ್ಲ. ನಾನಲ್ಲ, ನನ್ನ ದನಿಯಲ್ಲಿ ಇನ್ಯಾರೋ ಮಾಡಿದ್ದು, ಈಗ ಹಾಗೆಲ್ಲ ಮಾಡುತ್ತಾರಂತೆ ಎನ್ನಬಹುದು. ಇದು ಮಾತ್ರ ಸ್ವಲ್ಪ ಗಟ್ಟಿ ಇದ್ದಂತೆ ಕಂಡಿತು. ಆದರೆ ಡಬ್ಬಿಯ ಸಂಗತಿ ಆ ಇನ್ಯಾರಿಗೋ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಉತ್ತರವಿರಲಿಲ್ಲ. ಹರಿಹರದಲ್ಲಿ ಇಳಿದು ಗುತ್ತೂರಿನ ಆಟೊ ಹತ್ತುವಾಗ ಕೈಯಲ್ಲಿ ಉಳಿದದ್ದು ರವಿಕೆ ಮತ್ತು ಮಂಡಕ್ಕಿ ಮಾತ್ರ.

ಭೀಮವ್ವ ಮನೆ ಮುಂದಿನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಬೀಗತಿ ಆಟೊದಿಂದ ಇಳಿಯುವುದು ಕಂಡು ಗಡಬಡಿಸಿ ಎದ್ದಳು. ಅವಳ ಮುಖದಲ್ಲಿ ಸಂತೋಷಕ್ಕಿಂತ ಗಾಬರಿ ಹೆಚ್ಚಿತ್ತು. ನಿರ್ಮಲಮ್ಮನಿಗೆ ಅದು ಕಂಡಿತು, ಆದರೆ ಕಂಡದ್ದನ್ನು ಯೋಚಿಸಲು ಆಕೆಗೆ ಪುರುಸೊತ್ತಿರಲಿಲ್ಲ.

"ಬರ್ರಿ ಬೀಗತಿ, ಕೂಡ್ರಿ. ಏನು, ಹೇಳದೆ ಕೇಳದೆ ಬಂದುಬಿಟ್ರಿ?"

"ನಯನಾನ ರವಿಕೆ ಆಗಿತ್ತು. ಕೊಟ್ಟು ಹೋಗಾನ ಅಂತ."

ಕೊಕ್ಕೆಯಿಲ್ಲದ ರವಿಕೆಯನ್ನು ಭೀಮವ್ವ ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು. ನಿರ್ಮಲಮ್ಮನ ಕಣ್ಣು ಫೋನ್ ಹುಡುಕಿತು. ಅದು ಕಿಟಕಿಯ ದಂಡೆಯ ಮೇಲೆ, ಒಳಗಿನಿಂದ ಎಳೆದ ಚಾರ್ಜರಿನ ವೈರಿಗೆ ಅಂಟಿಕೊಂಡು ಒರಗಿತ್ತು. ಆಕೆ ಕೈ ಚಾಚಿದಳು.

"ಮುಟ್ಟಬ್ಯಾಡ್ರಿ," ಎಂದಳು ಭೀಮವ್ವ. "ಅಪ್‌ಡೇಟ್ ಹಾಕೀನಿ. ನಯನಾ ಸಂಜೆ ಹಾಕ್ತೀನಿ ಅಂದ್ಲು, ನನಗೆ ತಡೀಲಿಲ್ಲ. ಪಕ್ಕದ ಮನೆ ಬಿಂದೂನ ಕರೆದು ಒತ್ತಿಸಿದೆ. ನಡುವೆ ಮುಟ್ಟಿದ್ರೆ ಕೆಡ್ತೈತಂತೆ."

ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೆರೆ ಮೆಲ್ಲಗೆ ಮುಂದಕ್ಕೆ ತೆವಳುತ್ತಿತ್ತು. ಅರ್ಧ ದಾಟಿ ಆಗಿತ್ತು.

ಭೀಮವ್ವ ಟೀ ತಂದಳು. ಇಬ್ಬರೂ ಜಗಲಿಯಲ್ಲಿ ಕೂತು ಭತ್ತದ ಕೊಯ್ಲಿನ ಮಾತು, ಹರಿಹರದ ಧೂಳಿನ ಮಾತು, ಯಾರದೋ ಮಂಡಿನೋವಿನ ಮಾತು ಆಡಿದರು. ಮಾತು ಬಾಯಲ್ಲಿತ್ತು, ಕಣ್ಣು ದಂಡೆಯ ಮೇಲಿತ್ತು. ಒಲೆಯ ಮೇಲೆ ಹಾಲಿಟ್ಟವರು ನೋಡುವಂತೆ ಇಬ್ಬರೂ ಆ ಗೆರೆಯನ್ನು ನೋಡುತ್ತಿದ್ದರು. ಅದು ತುದಿಯ ಹತ್ತಿರ ಬಂದಾಗ ನಿರ್ಮಲಮ್ಮ ಭೀಮವ್ವನ ಕಡೆ ತಿರುಗಿದಳು. ಫೋನಿನ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದ ಕೇಳಲಿ ಎಂದುಕೊಂಡಳು.

"ಬೀಗತಿ, ಪಂಚಮಿ ಆದ ಮೇಲೆ ನಾನೊಂದು ಮೆಸೇಜ್ ಕಳಿಸಿ ಅಳಿಸಿದ್ದೆ."

ಭೀಮವ್ವನ ಕೈಯಲ್ಲಿ ಲೋಟ ನಿಂತಿತು. "ಗೊತ್ತೈತೆ."

"ಕೇಳಿದ್ರಾ?"

"ಇಲ್ಲ. ಕೈ ತೊಳೆದು ಬರಾದ್ರೊಳಗೆ ಹೋಗಿತ್ತು. ಅವತ್ತಿಂದ ದಿನಾ ತೆಗೆದು ನೋಡ್ತೀನಿ. ಅಳಿಸೈತೆ ಅಂತ ಬರೆದೈತೆ, ಏನು ಅಳಿಸೈತೆ ಅಂತ ಇಲ್ಲ. ಅಪ್‌ಡೇಟ್ ಬಂದ್ರೆ ಕಾಣ್ತೈತೆ ಅಂದ್ರು. ಅದಕ್ಕೇ ಕಾಯ್ತಿದ್ದೆ. ಬ್ಯಾಡ ಅಂತಲೂ ಅನ್ನಿಸ್ತಿತ್ತು."

ನಿರ್ಮಲಮ್ಮ ಬಸ್ಸಿನಲ್ಲಿ ಹೊಲಿದ ಸುಳ್ಳುಗಳನ್ನೆಲ್ಲ ಬಿಟ್ಟಳು. "ನಮ್ಮಕ್ಕನಿಗೆ ಅಂತ ಹೇಳಿದ್ದು, ತಪ್ಪಿ ನಿಮಗೆ ಬಂತು. ಬುತ್ತಿ ಡಬ್ಬಿ ಖಾಲಿ ಬಂದಿತ್ತು. ಒಂದು ಚಿಟಿಕೆ ಸಕ್ಕರೆನೂ ಹಾಕಲಿಲ್ಲ, ಕೈ ಬಿಗಿ, ರೀತಿ ರಿವಾಜಿಲ್ಲ ಅಂತ ಬೈದಿದ್ದೆ."

ಭೀಮವ್ವ ಕಣ್ಣರಳಿಸಿದಳು. "ಡಬ್ಬಿ?"

"ಡಬ್ಬಿ."

"ಬರೀ ಡಬ್ಬಿ ಮಾತಾ?"

ನಿರ್ಮಲಮ್ಮ ಹೌದೆಂದು ತಲೆಯಾಡಿಸಿದಳು. ಭೀಮವ್ವ ಲೋಟ ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ನಿರ್ಮಲಮ್ಮ ಕೈ ಮುಂದೆ ಮಾಡಿ ಹಿಂದಕ್ಕೆಳೆದುಕೊಂಡಳು.

"ನಾನು ಏನಂದ್ಕಂಡಿದ್ದೆ ಗೊತ್ತಾ ಬೀಗತಿ," ಎಂದಳು ಭೀಮವ್ವ, ಸೆರಗಿನ ಒಳಗಿನಿಂದಲೇ. "ಪಂಚಮಿಗೆ ಹೋದಾಕಿ ಹುಣ್ಣಿವಿ ಕಳೆದ್ರೂ ಬರಲಿಲ್ಲ. ಜ್ವರ ಅಂದ್ರಿ. ಬಂದ ವಾರಕ್ಕೇ ನಿಮ್ಮ ಮೆಸೇಜ್ ಬಂತು, ಹೋತು. ನಯನಾಗೆ ಇಲ್ಲಿ ಇರಾಕೆ ಮನಸಿಲ್ಲ, ವಾಪಸ್ ಕರ್ಕಂತೀವಿ ಅಂತ ಹೇಳಾಕೆ ಹೋಗಿ, ಬಾಯಿ ಬರದೆ ಅಳಿಸ್ಯಾರೆ ಅಂದ್ಕಂಡೆ. ಅವತ್ತಿಂದ ಆ ಹುಡುಗಿ ಶಾಲೆಯಿಂದ ಬರಾದು ಒಂಚೂರು ತಡ ಆದ್ರೆ ದಾವಣಗೆರೆ ಬಸ್ ಹತ್ತಿದ್ಲೇನೋ ಅಂತ ಬಾಗಿಲಾಗೆ ನಿಂತಿರ್ತಿದ್ದೆ. ಕೆಲಸ ಹೇಳಿದ್ರೆ ಬ್ಯಾಸರ ಆಗ್ತಾಳೇನೋ ಅಂತ ಒಂದು ಕಡ್ಡಿ ಎತ್ತಾಕೆ ಬಿಡಲಿಲ್ಲ. ಈಗ ನೀವು ಆಟೊದಿಂದ ಇಳಿದ್ರಲ್ಲ, ಕರ್ಕಂಡು ಹೋಗಾಕೇ ಬಂದ್ರು ಅಂದ್ಕಂಡೆ."

"ಮತ್ತೆ ಒಂದು ಮಾತು ಕೇಳಬಾರದಿತ್ತಾ?"

"ಗಂಡಿನ ಕಡೆಯಾಕಿ ನಾನು. ನಾನು ಕೇಳಿದ್ರೆ ಜಗಳಕ್ಕೆ ಬಂದಂಗೆ ಆಗ್ತಿರಲಿಲ್ಲವಾ?"

ನಿರ್ಮಲಮ್ಮ ಇಲ್ಲಿಗೆ ನಿಲ್ಲಿಸಬಹುದಿತ್ತು. ಬೀಗತಿ ಡಬ್ಬಿಯ ಮಾತನ್ನು ಪೂರ್ತಿ ಮಾತೆಂದು ನಂಬಿದ್ದಳು. ಆದರೆ ಇಷ್ಟು ತಿಂಗಳು ಬಾಗಿಲಲ್ಲಿ ನಿಂತ ಹೆಂಗಸಿನ ಮುಂದೆ ಅರ್ಧ ಮಾತು ಬಚ್ಚಿಟ್ಟುಕೊಂಡು ಕೂರುವುದು ಆಕೆಗೆ ಆಗಲಿಲ್ಲ.

"ಇನ್ನೊಂದು ಮಾತು ಐತೆ. ಕೊನೆಗೆ, ಇಂಥಾ ಮನೆಗೆ ಹೆಣ್ಣು ಕೊಟ್ಟು ತಪ್ಪು ಮಾಡಿದ್ನೇನೋ ಅಂತಲೂ ಅಂದಿದ್ದೆ."

ಭೀಮವ್ವ ಸೆರಗು ಇಳಿಸಿದಳು. ಕಣ್ಣು ಒದ್ದೆಯಾಗಿತ್ತು. ಅವರೆಕಾಯಿಯ ಸಿಪ್ಪೆಯೊಂದನ್ನು ಬೆರಳಿಗೆ ಸುತ್ತಿದಳು. ನಿರ್ಮಲಮ್ಮ ಎದ್ದು ಹೋಗಲೂ ಆಗದೆ ಕೂರಲೂ ಆಗದೆ ಒದ್ದಾಡಿದಳು.

"ನನ್ನ ಮಗಳನ್ನ ಹದಡಿಗೆ ಕೊಟ್ಟಾಗ ನಾನೂ ಹಿಂಗೇ ಅಂದಿದ್ದೆ," ಎಂದಳು ಭೀಮವ್ವ ಕೊನೆಗೆ. "ಅದೂ ಡಬ್ಬಿಗಿಂತ ಸಣ್ಣ ಮಾತಿಗೆ. ಆದ್ರೆ ನಾನು ಫೋನಿನಾಗೆ ಅಂದಿರಲಿಲ್ಲ, ಹಿತ್ತಲಾಗೆ ಎಮ್ಮೆ ಮುಂದೆ ಅಂದಿದ್ದೆ."

ನಿರ್ಮಲಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಭೀಮವ್ವ ಅಳು ಮುಗಿಸಿದ್ದರಿಂದ ಈಗ ಸಿಟ್ಟಿಗೆ ಜಾಗವಾಯಿತು. "ಆ ಡಬ್ಬಿ ತುಂಬಾಕೆ ಅಂತ ನಾನು ಒಲೆ ಮುಂದೆ ಶೇಂಗಾ ಹುರೀತಾ ಕೂತಿದ್ದೆ. ನಿಮ್ಮ ಅಳಿಯ ತೊಳೆದು ಬೋರಲು ಹಾಕಿದ ಡಬ್ಬಿ ಹಂಗೇ ಬೈಕಿಗೆ ಸಿಗಿಸ್ಕಂಡು ಹೋಗ್ಯಾನೆ. ಖಾಲಿ ಹೋತಲ್ಲ ಅಂತ ಹೇಳಾಕೇ ನಿಮಗೆ ಮೆಸೇಜ್ ಮಾಡಿದ್ದು. ಬಿಗಿ ಕೈಯಂತೆ. ಬೈಯಾದಾದ್ರೆ ಅವನಿಗೆ ಬೈಯ್ರಿ."

"ಅಳಿಯನಿಗೆ ಬೈಯಾಕೆ ಆಗ್ತೈತಾ?"

"ನನಗೆ ಬೈಯಾಕೆ ಆಗ್ತೈತಾ?"

ಅಷ್ಟರಲ್ಲಿ ದಂಡೆಯ ಮೇಲಿನ ಫೋನು ಸಣ್ಣ ರಾಗ ಹಾಡಿ ಬೆಳಗಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಭೀಮವ್ವ ನಿರ್ಮಲಮ್ಮನ ಹೆಸರು ಒತ್ತಿ, ಹಬ್ಬದ ಶುಭಾಶಯಗಳನ್ನೆಲ್ಲ ದಾಟಿ ಪಂಚಮಿಯ ತನಕ ಹಿಂದಕ್ಕೆ ಎಳೆದಳು. ಆ ಸಾಲು ಅಲ್ಲೇ ಇತ್ತು, ಇದ್ದ ಹಾಗೇ ಇತ್ತು. ಅಳಿಸಿದ್ದು ಅಳಿಸಿಯೇ ಹೋಗಿತ್ತು. ಊರೆಲ್ಲ ದಿನಗಟ್ಟಲೆ ಕಾದ ಅಪ್‌ಡೇಟಿನಲ್ಲಿ ಮುಖಪುಟದ ಗಡಿಯಾರ ಸ್ವಲ್ಪ ದೊಡ್ಡದಾಗಿತ್ತು, ಅಷ್ಟೇ. ಬಾಯಿ ಮುಚ್ಚಿಕೊಂಡಿದ್ದರೆ ಏನೂ ಹೇಳಬೇಕಾಗಿರಲಿಲ್ಲ ಎಂದು ನಿರ್ಮಲಮ್ಮನಿಗೆ ಹೊಳೆಯಿತು. ಹೇಳಿದ್ದಕ್ಕೆ ಮಾತ್ರ ಒಂದಿಷ್ಟೂ ಬೇಸರವಾಗಲಿಲ್ಲ.

ಹೊತ್ತು ಇಳಿದ ಮೇಲೆ ನಯನಾ ಬಂದಳು. ತಾಯಿಯನ್ನು ಕಂಡು ಅಚ್ಚರಿಪಟ್ಟಳು, ಇಬ್ಬರ ಕೆಂಪು ಕಣ್ಣು ಕಂಡು ಗಾಬರಿಪಟ್ಟಳು. ಏನೆಂದು ಕೇಳಲು ಧೈರ್ಯ ಸಾಲದೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಅಂಚಿನಲ್ಲಿ ನೆಂಟರ ಹಾಗೆ ಕೂತಳು. ಆ ಕೂರುವ ರೀತಿಯನ್ನು ನಿರ್ಮಲಮ್ಮ ನೋಡಿದಳು. ತನ್ನ ಮಗಳು ಇಷ್ಟು ದಿನ ತಾನು ಬಾಳುವ ಮನೆಯಲ್ಲೇ ಹೀಗೆ ಕೂತಿದ್ದಳು.

"ಏನ್ ನೋಡ್ತೀಯ?" ಎಂದಳು ಭೀಮವ್ವ. "ಬ್ಯಾಗ್ ಒಳಗಿಟ್ಟು ಕೈಕಾಲು ತೊಳ್ಕ. ನಿಮ್ಮವ್ವ ಉಂಡು ಹೋಗ್ತಾಳೆ. ಈ ಅವರೆಕಾಳು ನಾನು ನೋಡ್ತೀನಿ, ರೊಟ್ಟಿ ನೀನು ಬಡಿ. ಎಲ್ಲಾ ನಾನೊಬ್ಬಳೇ ಮಾಡಾಕೆ ಆಗಲ್ಲ ನನಗೆ."

ನಯನಾ ಒಂದು ಗಳಿಗೆ ಅತ್ತೆಯನ್ನೇ ನೋಡಿದಳು. ಆಮೇಲೆ ಎದ್ದು, ವೇಲನ್ನು ಸೊಂಟಕ್ಕೆ ಬಿಗಿದು, ಒಳಗೆ ಹೋದಳು. ಹೋಗುವಾಗ ಅವಳ ಮುಖ ಎಷ್ಟು ಅರಳಿತ್ತೆಂದರೆ ನಿರ್ಮಲಮ್ಮ ಬೇರೆ ಕಡೆ ನೋಡಬೇಕಾಯಿತು. ಬೇರೆ ದಿನವಾಗಿದ್ದರೆ, ದುಡಿದು ದಣಿದು ಬಂದ ಮಗಳನ್ನು ನೇರ ಒಲೆಯ ಮುಂದೆ ಕೂರಿಸಿದರೆಂದು ಆಕೆ ಆನಗೋಡಿನ ಅಕ್ಕನಿಗೆ ಗಂಟೆಗಟ್ಟಲೆ ಹೇಳುತ್ತಿದ್ದಳು.

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಸ್ವಲ್ಪ ಹೊತ್ತಿಗೆ ನಯನಾಳ ದನಿಯೂ ಬಂತು.

"ಅತ್ತೇ, ಈ ಹಂಚು ಯಾಕ ಹಿಂಗೆ ಕರಿ ಮಾಡಿ ಇಟ್ಟೀರಿ? ನಾನು ಮಾಡುವಾಗ ಹಿಂಗಿತ್ತಾ?"

"ನೀನು ಮಾಡುವಾಗ ಹೆಂಗಿತ್ತು ಅಂತ ನನಗೂ ಗೊತ್ತೈತೆ, ತಾಳು ಬಂದೆ," ಎನ್ನುತ್ತ ಭೀಮವ್ವ ಮೊರ ಎತ್ತಿಕೊಂಡು ಒಳಗೆ ನಡೆದಳು.

ಒಳಗೆ ಅತ್ತೆ ಸೊಸೆಯರ ದನಿ ಏರಿತು. ಹಂಚಿನಿಂದ ಉಪ್ಪಿಗೆ, ಉಪ್ಪಿನಿಂದ ಹಿಟ್ಟಿನ ಡಬ್ಬಿ ಇಟ್ಟ ಜಾಗಕ್ಕೆ ಜಗಳ ಹಬ್ಬುತ್ತಿತ್ತು. ಜಗಲಿಯಲ್ಲಿ ನಿರ್ಮಲಮ್ಮ ಒಬ್ಬಳೇ ಉಳಿದಳು. ಮಗಳ ಪರವಾಗಿ ಒಂದು ಮಾತಾಡಲು ಆಕೆಯನ್ನು ಯಾರೂ ಕರೆಯಲಿಲ್ಲ, ಅದರಿಂದ ಆಕೆಗೆ ಬಹಳ ಸಂತೋಷವಾಯಿತು.